ಪಕ್ಕದ ಮನೆಯಲ್ಲಿ ಇವತ್ತು ಯಾರಿದ್ದಾರೆ?

ಧಾರವಾಡಕ್ಕೆ ‘ಪಿಂಚಣಿದಾರರ ಸ್ವರ್ಗ’ ಎಂಬ ಹೆಸರು ಬಂದು ಎಷ್ಟೋ ವರ್ಷವಾಯಿತು. ಮಲೆನಾಡು ಮುಗಿದು ಬಯಲುಸೀಮೆ ಶುರುವಾಗುವ ಅಂಚಿನ ಊರಿದು. ಸಮುದ್ರಮಟ್ಟದಿಂದ ಸುಮಾರು 750 ಮೀಟರ್ ಎತ್ತರ. ನಮ್ಮ ಕರಾವಳಿಯ ಹಾಗೆ ಬೆವರು ಸುರಿಯುವುದಿಲ್ಲ, ಬೇಸಿಗೆಯಲ್ಲೂ ಸಂಜೆಗೆ ಗಾಳಿ ಆಡುತ್ತದೆ. 1917ರಲ್ಲಿ ಕರ್ನಾಟಕ ಕಾಲೇಜು, 1949ರಲ್ಲಿ ಕರ್ನಾಟಕ ವಿಶ್ವವಿದ್ಯಾಲಯ, 1986ರಲ್ಲಿ ಕೃಷಿ ವಿಶ್ವವಿದ್ಯಾಲಯ ಆದವು. ಇಲ್ಲಿ ಕಲಿಸಲು ಬಂದ ಅಧ್ಯಾಪಕರು, ಕಚೇರಿಗಳಿಗೆ ಬಂದ ನೌಕರರು ನಿವೃತ್ತಿಯ ನಂತರ ಸ್ವಂತ ಊರಿಗೆ ಹೋಗಲಿಲ್ಲ. ಮಾಳಮಡ್ಡಿ, ಸಪ್ತಾಪುರ, ನಾರಾಯಣಪುರ, ಸಾಧನಕೇರಿ ಕಡೆ ಒಂದೊಂದು ಮನೆ ಕಟ್ಟಿಸಿಕೊಂಡು, ಮುಂದೆ ನಾಲ್ಕು ಹೂವಿನ ಗಿಡ ಹಾಕಿಕೊಂಡು ಉಳಿದುಬಿಟ್ಟರು.

20 ಕಿಲೋಮೀಟರ್ ಆಚೆ ಹುಬ್ಬಳ್ಳಿಯದು ಬೇರೆಯೇ ಗದ್ದಲ. ರೈಲ್ವೆ ವರ್ಕ್‌ಶಾಪ್, ನೈಋತ್ಯ ರೈಲ್ವೆಯ ಕೇಂದ್ರ ಕಚೇರಿ, ವಾಯವ್ಯ ಸಾರಿಗೆ ಸಂಸ್ಥೆ, ವ್ಯಾಪಾರ. ಕರಾವಳಿಯಿಂದ ಹೊಟ್ಟೆಪಾಡಿಗೆ ಬಂದ ನಮ್ಮವರೂ ಇಲ್ಲಿ ಹೋಟೆಲ್, ಬೇಕರಿ, ಅಂಗಡಿ ಅಂತ ನೆಲೆಯಾದರು. ಅವರಲ್ಲಿ ಮೊದಲು ಬಂದವರಿಗೆ ಈಗ ಅರವತ್ತು ದಾಟಿದೆ. ಊರಲ್ಲಿ ಅಣ್ಣತಮ್ಮಂದಿರ ಪಾಲಾಗಿ ಹೋದ ಮನೆ, ಮಕ್ಕಳು ದುಬೈಯಲ್ಲೋ ಬೆಂಗಳೂರಲ್ಲೋ. ಹಾಗಾಗಿ ‘ಇಲ್ಲೇ ಒಂದು ಮನೆ ನೋಡುವ’ ಎನ್ನುವವರು ನನಗೆ ಆಗಾಗ ಸಿಗುತ್ತಾರೆ. ಉಸ್ತಾದನಿಗೆ ಎಲ್ಲ ಬೀದಿಯೂ ಗೊತ್ತಿರುತ್ತದೆ ಎಂಬುದು ಜನರ ನಂಬಿಕೆ. ಮಕ್ಕಳ ಮನೆಗಳಿಗೆ ಹೋಗಿ ಬರುವವನಾದ್ದರಿಂದ ಸ್ವಲ್ಪ ಗೊತ್ತುಂಟು ಅನ್ನಿ.

ಈ ಹಿರಿಯರೆಲ್ಲ ಮನೆ ನೋಡುವ ಕ್ರಮ ಒಂದೇ. ಮಸೀದಿ ಎಷ್ಟು ದೂರ, ಆಸ್ಪತ್ರೆ ಎಷ್ಟು ದೂರ, ಲಿಫ್ಟ್ ಉಂಟಾ, ನೀರು ಹೇಗೆ, ಕಾಗದಪತ್ರ ಸರಿ ಉಂಟಾ. ಇಷ್ಟಾದರೆ ಮುಂಗಡ ಕೊಡುವುದು. ಆದರೆ ಈಚೆಗೆ ಇನ್ನೊಂದು ಪ್ರಶ್ನೆ ಸೇರಿದೆ. ಅದನ್ನು ಕೇಳದೆ ಮನೆ ಹಿಡಿದವರು ಆರು ತಿಂಗಳಲ್ಲಿ ಮುಖ ಸಣ್ಣ ಮಾಡಿಕೊಂಡು ಕೂರುತ್ತಿದ್ದಾರೆ. ಅಕ್ಕಪಕ್ಕದ ಬಾಗಿಲುಗಳಲ್ಲಿ ವಾಸ ಇರುವವರು ಎಷ್ಟು, ಒಂದು ದಿನ ಎರಡು ದಿನಕ್ಕೆ ಬಂದು ಹೋಗುವವರು ಎಷ್ಟು ಎಂಬುದೇ ಆ ಪ್ರಶ್ನೆ.

ದಿನದ ಲೆಕ್ಕಕ್ಕೆ ಕೊಡುವ ಮನೆ ಅಂದರೆ ಗೋವಾ, ಕೊಡಗು, ಚಿಕ್ಕಮಗಳೂರಿನ ವಿಷಯ ಎಂದು ನಾವು ತಿಳಿದಿದ್ದೆವು. ಹುಬ್ಬಳ್ಳಿ-ಧಾರವಾಡಕ್ಕೆ ಪ್ರವಾಸಿಗರು ಬರುವುದು ಎಲ್ಲಿ? ಪೇಢಾ ತಿನ್ನಲು ಯಾರೂ ರೂಮ್ ಮಾಡುವುದಿಲ್ಲ. ಆದರೆ ಇಲ್ಲಿಗೆ ಒಂದು ರಾತ್ರಿಗೆ ಬರಲೇಬೇಕಾದ ಜನ ಬಹಳ ಇದ್ದಾರೆ. ಹೈಕೋರ್ಟಿನ ಸಂಚಾರಿ ಪೀಠ 2008ರಲ್ಲಿ ಧಾರವಾಡಕ್ಕೆ ಬಂತು, 2013ರಲ್ಲಿ ಕಾಯಂ ಆಯಿತು. ಬಳ್ಳಾರಿ, ಕೊಪ್ಪಳ, ಬೆಳಗಾವಿ, ಉತ್ತರ ಕನ್ನಡದ ಕೇಸು ಇರುವವರು ಹಿಂದಿನ ದಿನವೇ ಬಂದು ಉಳಿಯಬೇಕು. ಭಟ್ಕಳದಿಂದ ಬೆಳಗ್ಗೆ ಹೊರಟವನು ಹತ್ತೂವರೆಗೆ ಕೋರ್ಟ್ ಹಾಲಿನಲ್ಲಿ ನಿಲ್ಲುವುದು ಕಷ್ಟ. ಹುಬ್ಬಳ್ಳಿಯ ಕಿಮ್ಸ್‌ಗೆ, ಸತ್ತೂರಿನ ಎಸ್‌ಡಿಎಂ ಆಸ್ಪತ್ರೆಗೆ ಸುತ್ತ ಏಳೆಂಟು ಜಿಲ್ಲೆಗಳಿಂದ ರೋಗಿಗಳು ಬರುತ್ತಾರೆ. ಅವರ ಜೊತೆ ಬಂದ ಇಬ್ಬರು ಮೂವರಿಗೆ ಹತ್ತು ದಿನ ಅಡುಗೆ ಮಾಡಿಕೊಳ್ಳಲು ಜಾಗ ಬೇಕು. 2016ರಲ್ಲಿ ಐಐಟಿ ಆಯಿತು. ಮಕ್ಕಳನ್ನು ಬಿಡಲು, ನೋಡಲು ತಂದೆತಾಯಿ ಬರುತ್ತಾರೆ. ಇನ್ನು ಸಪ್ತಾಪುರದ ಕೋಚಿಂಗ್ ಸೆಂಟರುಗಳ ಬಗ್ಗೆ ಹೇಳುವುದೇ ಬೇಡ. ಪೊಲೀಸ್, ಪಿಡಿಒ, ಕೆಎಎಸ್, ಟಿಇಟಿ ಅಂತ ಪರೀಕ್ಷೆ ಇರುವ ಭಾನುವಾರದ ಹಿಂದಿನ ಶನಿವಾರ ರಾತ್ರಿ ಒಮ್ಮೆ ಆ ಕಡೆ ಹೋಗಿ ನೋಡಿ. ಬೆನ್ನಿಗೆ ಬ್ಯಾಗ್ ಹಾಕಿದ ಮಕ್ಕಳು ಗೂಗಲ್ ಮ್ಯಾಪ್ ಹಿಡಿದು ಗಲ್ಲಿಗಲ್ಲಿ ತಿರುಗುತ್ತಿರುತ್ತಾರೆ. ಲಾಡ್ಜುಗಳು ತುಂಬಿರುತ್ತವೆ.

ಏರ್‌ಬಿಎನ್‌ಬಿ ಎಂಬ ಕಂಪೆನಿ ಹುಟ್ಟಿದ್ದೂ ಇಂಥದೇ ಸಂದರ್ಭದಲ್ಲಿ. 2007ರಲ್ಲಿ ಅಮೆರಿಕದ ಸ್ಯಾನ್ ಫ್ರಾನ್ಸಿಸ್ಕೊದಲ್ಲಿ ಒಂದು ಸಮ್ಮೇಳನ ನಡೆದು ಹೋಟೆಲ್‌ಗಳೆಲ್ಲ ಭರ್ತಿಯಾದವು. ಮನೆ ಬಾಡಿಗೆ ಕಟ್ಟಲು ಕಾಸಿಲ್ಲದ ಇಬ್ಬರು ಹುಡುಗರು ತಮ್ಮ ಹಾಲಿನಲ್ಲಿ ಗಾಳಿ ತುಂಬಿದ ಹಾಸಿಗೆ ಹಾಕಿ ಬಾಡಿಗೆಗೆ ಕೊಟ್ಟರು. ಮರುವರ್ಷ ಅದೇ ಕಂಪೆನಿಯಾಯಿತು. ಇಲ್ಲಿ ಆ್ಯಪ್ ಬರುವ ಮೊದಲೇ ಗೇಟಿಗೆ ಬೋರ್ಡ್ ಹಾಕುವ ಪದ್ಧತಿ ಇತ್ತು, ಈಗ ಬೋರ್ಡೂ ಬೇಕಾಗಿಲ್ಲ. ಬ್ರೋಕರ್‌ಗಳ ಬಾಯಲ್ಲಿ ಇದು ‘ಡೈಲಿ ಬೇಸಿಸ್’, ಮೊಬೈಲಿನಲ್ಲಿ ‘ಹೋಂಸ್ಟೇ’, ‘ಸರ್ವಿಸ್ ಅಪಾರ್ಟ್‌ಮೆಂಟ್’. ನಿಜವಾದ ಹೋಂಸ್ಟೇ ಅಂದರೆ ಮನೆಯವರು ಅದೇ ಮನೆಯಲ್ಲಿದ್ದು ಒಂದೆರಡು ಕೋಣೆ ಕೊಡುವುದು. ಕೇಂದ್ರ ಪ್ರವಾಸೋದ್ಯಮ ಸಚಿವಾಲಯದ ಯೋಜನೆಯಲ್ಲೂ ಮಾಲೀಕರ ಕುಟುಂಬ ಅಲ್ಲೇ ವಾಸ ಇರಬೇಕು, ಆರು ಕೋಣೆಗಿಂತ ಹೆಚ್ಚು ಕೊಡಬಾರದು. ಅಪಾರ್ಟ್‌ಮೆಂಟಿನ ಮೂರನೇ ಮಹಡಿಯಲ್ಲಿ, ಮಾಲೀಕನೇ ಇಲ್ಲದ, ಬಾಗಿಲ ಮೇಲಿನ ಪೆಟ್ಟಿಗೆಯಲ್ಲಿ ನಂಬರ್ ಒತ್ತಿ ಬೀಗದ ಕೈ ತೆಗೆದುಕೊಳ್ಳುವ ಮನೆಗೆ ಹೋಂಸ್ಟೇ ಎನ್ನುವುದು ಹೆಸರಿಗೆ ಮಾಡುವ ಅವಮಾನ.

ಇದರಿಂದ ವಯಸ್ಸಾದವರಿಗೆ ಏನು ತೊಂದರೆ? ಗಲಾಟೆಯೇ ಎಂದು ಕೇಳಬಹುದು. ಗಲಾಟೆ ಇದ್ದೇ ಇರುತ್ತದೆ ಎಂದಲ್ಲ. ಪರೀಕ್ಷೆ ಬರೆಯಲು ಬಂದ ಹುಡುಗಿ ರಾತ್ರಿ ಓದುತ್ತಾಳೆ, ಆಸ್ಪತ್ರೆಗೆ ಬಂದವರು ಅಳುತ್ತಾರೆ ಅಷ್ಟೇ. ಗಲಾಟೆಗೆ ಕಾನೂನೂ ಉಂಟು. ರಾತ್ರಿ 10ರಿಂದ ಬೆಳಗ್ಗೆ 6ರವರೆಗೆ ವಾಸದ ಪ್ರದೇಶದಲ್ಲಿ 45 ಡೆಸಿಬಲ್ ಮೀರಬಾರದು ಎಂಬ ನಿಯಮ 2000ದಿಂದ ಇದೆ, 112ಕ್ಕೆ ಫೋನ್ ಮಾಡಬಹುದು. ನಾನು ಕಂಡಂತೆ ದೊಡ್ಡ ತೊಂದರೆಗಳು ಬೇರೆ.

ಮೊದಲನೆಯದು ನೀರು. ಹುಬ್ಬಳ್ಳಿ-ಧಾರವಾಡದಲ್ಲಿ ಮನೆ ನಡೆಸಿದವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಕೆಲವು ವಾರ್ಡುಗಳಿಗೆ 2008ರ ಹೊತ್ತಿಗೇ 24 ತಾಸಿನ ನೀರು ಬಂತು. ಉಳಿದ ಎಷ್ಟೋ ಕಡೆ ಮಲಪ್ರಭೆಯ ನೀರಿಗೆ ನಾಲ್ಕೈದು ದಿನ ಕಾಯುವ ಅಭ್ಯಾಸ ಜನರಿಗೆ ಆಗಿಹೋಗಿದೆ. ಕಾಯಂ ಇರುವವರು ಬಂದ ನೀರನ್ನು ಅಳೆದು ಬಳಸುತ್ತಾರೆ. ಒಂದು ರಾತ್ರಿಗೆ ಬಂದವನಿಗೆ ಈ ಲೆಕ್ಕ ಎಲ್ಲಿಂದ ಗೊತ್ತಾಗಬೇಕು? ಅವನು ಹಣ ಕೊಟ್ಟಿದ್ದಾನೆ, ಶವರ್ ತಿರುಗಿಸುತ್ತಾನೆ. ಹಾಸಿಗೆ ಹೊದಿಕೆ ದಿನಾ ಒಗೆಯಬೇಕು. ಮೂರನೇ ದಿನಕ್ಕೆ ಮೇಲಿನ ಟ್ಯಾಂಕ್ ಖಾಲಿ. ಟ್ಯಾಂಕರ್ ತರಿಸಿದರೆ ಖರ್ಚು ಎಲ್ಲ ಮನೆಗೂ ಸಮ ಹಂಚಿಕೆ. ವುಳೂಗೆ ಚೊಂಬು ನೀರು ಎತ್ತಿಟ್ಟುಕೊಳ್ಳುವ ಅಜ್ಜನ ಪಿಂಚಣಿಯಿಂದ ಆ ಹಣ ಹೋಗುತ್ತದೆ.

ಎರಡನೆಯದು ಹೆಂಗಸರ ಓಡಾಟ. ಗಂಡಸರು ಇದನ್ನು ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ. ಮನೆ ನೋಡಲು ಹೋದಾಗ ಟೆರೇಸ್ ನೋಡಿ ‘ಒಳ್ಳೆ ಗಾಳಿ ಉಂಟು’ ಎನ್ನುತ್ತಾರೆ. ಆ ಟೆರೇಸಿಗೆ ಬಟ್ಟೆ ಒಣಹಾಕಲು, ಹಪ್ಪಳ ಇಡಲು ಹೋಗಬೇಕಾದವರು ಮನೆಯವರು. ಎದುರು ಬಾಗಿಲಿನ ಸಂಸಾರ ಗೊತ್ತಿದ್ದರೆ ತಲೆಗೆ ಶಾಲು ಎಳೆದುಕೊಂಡು ಮೆಟ್ಟಿಲು ಹತ್ತಬಹುದು. ದಿನಕ್ಕೊಂದು ಹೊಸ ಮುಖ ಕಾರಿಡಾರಿನಲ್ಲಿ ಫೋನ್ ಹಿಡಿದು ನಿಂತಿದ್ದರೆ ಅರವತ್ತೈದು ವರ್ಷದ ಹೆಂಗಸೂ ಬುರ್ಖಾ ಹಾಕಿಕೊಂಡೇ ಹೊರಬರಬೇಕು. ಕೊನೆಗೆ ಅವರು ಮೇಲೆ ಹೋಗುವುದನ್ನೇ ಬಿಡುತ್ತಾರೆ, ಬಟ್ಟೆ ಒಳಗೆ ಫ್ಯಾನಿನ ಕೆಳಗೆ ಒಣಗುತ್ತದೆ.

ಮೂರನೆಯದನ್ನು ಹೇಗೆ ಹೇಳಲಿ. ನಿವೃತ್ತರಾದವರು ಮನೆ ಕೊಳ್ಳುವಾಗ ನಿಜವಾಗಿ ಕೊಳ್ಳುವುದು ನೆರೆಯನ್ನು. ಮೂವತ್ತರ ಪ್ರಾಯದಲ್ಲಿ ನೆರೆಯವರು ಯಾರಾದರೇನು, ದಿನವಿಡೀ ಹೊರಗಿರುತ್ತೇವೆ. ಎಪ್ಪತ್ತರಲ್ಲಿ ಹಾಗಲ್ಲ. ಬೆಳಗ್ಗೆ ಹಾಲಿನ ಪ್ಯಾಕೆಟ್ ಬಾಗಿಲಲ್ಲೇ ಬಿದ್ದಿದೆ, ಇವತ್ತು ಅಜ್ಜ ಎದ್ದಿಲ್ಲ ಎಂದು ಗಮನಿಸುವುದು ಯಾರು? ಸಕ್ಕರೆ ಕಡಿಮೆಯಾಗಿ ತಲೆ ಸುತ್ತಿದರೆ ಕೂಗು ಕೇಳಿ ಬರುವುದು ಯಾರು? ಮಗ ದುಬೈಯಿಂದ ಫೋನ್ ಮಾಡಿ ‘ಉಪ್ಪ ಎತ್ತುತ್ತಾ ಇಲ್ಲ, ಸ್ವಲ್ಪ ನೋಡ್ತೀರಾ’ ಎನ್ನಲು ಒಂದು ನಂಬರ್ ಬೇಡವೇ? ದಿನಬಾಡಿಗೆಗೆ ಬಂದವನು ಕೆಟ್ಟವನಲ್ಲ, ಕೂಗು ಕೇಳಿದರೆ ಅವನೂ ಬಂದಾನು. ಆದರೆ ಹಾಲಿನ ಪ್ಯಾಕೆಟ್ ದಿನಾ ಎಷ್ಟು ಗಂಟೆಗೆ ಒಳಗೆ ಹೋಗುತ್ತದೆ ಎಂದು ಅವನಿಗೆ ಗೊತ್ತಿರುವುದಿಲ್ಲ.

ಮನೆಗಿಂತ ಮೊದಲು ನೆರೆಯವನನ್ನು ನೋಡಿಕೊ ಎನ್ನುವ ಮಾತು ಅರಬಿಯಲ್ಲಿ ಹಳೆಯದು. ಫಿಕ್‌ಹ್ ಕಿತಾಬುಗಳಲ್ಲಿ ‘ಶುಫ್ಅ’ ಎಂಬ ಒಂದು ಅಧ್ಯಾಯವೇ ಇದೆ. ಮನೆ, ಜಮೀನು ಹೊರಗಿನವರಿಗೆ ಮಾರುವಾಗ ಅದನ್ನು ಮೊದಲು ಕೊಳ್ಳುವ ಹಕ್ಕಿನ ವಿಷಯ. ಇಲ್ಲಿನ ಹೆಚ್ಚಿನವರು ಅನುಸರಿಸುವ ಹನಫಿ ಮದ್‌ಹಬಿನಲ್ಲಿ ಪಕ್ಕದ ಮನೆಯವನಿಗೂ ಆ ಹಕ್ಕು ಉಂಟು. ನಮ್ಮ ಶಾಫಿಈಯಲ್ಲಿ ಅದೇ ಆಸ್ತಿಯಲ್ಲಿ ಪಾಲು ಇರುವವನಿಗೆ ಮಾತ್ರ. ನೆರೆಯವನೆಂಬ ಕಾರಣಕ್ಕೆ ಮಾತ್ರ ಅಂಥ ಹಕ್ಕು ಕೊಡುವ ಕಾನೂನು ಸಂವಿಧಾನಕ್ಕೆ ಹೊಂದುವುದಿಲ್ಲ ಎಂದು ಸುಪ್ರೀಂ ಕೋರ್ಟ್ 1962ರಲ್ಲೇ ಹೇಳಿದೆ. ಅದನ್ನು ಮತ್ತೆ ತರಬೇಕು ಎಂದು ನಾನು ಹೇಳುತ್ತಿಲ್ಲ. ಪಕ್ಕದಲ್ಲಿ ಯಾರು ಬರುತ್ತಾರೆ ಎಂಬುದು ಬದುಕಿಗೆ ಎಷ್ಟು ಮುಖ್ಯ ಎಂದು ಹಿಂದಿನವರಿಗೆ ಗೊತ್ತಿತ್ತು, ಅಷ್ಟೇ. ದಿನಬಾಡಿಗೆಯಲ್ಲಿ ಮಾರಾಟವೇ ಇಲ್ಲ. ಮಾಲೀಕ ಅದೇ, ನೆರೆ ಮಾತ್ರ ದಿನಕ್ಕೊಮ್ಮೆ ಬದಲು.

ಈಗ ನಮ್ಮ ಬುಡಕ್ಕೆ ಬರುವ. ಈ ಮನೆಗಳ ಮಾಲೀಕರು ಯಾರು? ಯಾರೋ ದೊಡ್ಡ ಸಾಹುಕಾರರು ಎಂದುಕೊಳ್ಳಬೇಡಿ. ಗಲ್ಫಿನಲ್ಲಿ ದುಡಿದು ‘ಇನ್ವೆಸ್ಟ್‌ಮೆಂಟ್’ ಅಂತ ಮಂಗಳೂರಲ್ಲಿ ಒಂದು, ಹುಬ್ಬಳ್ಳಿಯಲ್ಲಿ ಒಂದು ಫ್ಲ್ಯಾಟ್ ಹಿಡಿದಿಟ್ಟವರಲ್ಲಿ ನಮ್ಮವರು ಬೇಕಾದಷ್ಟಿದ್ದಾರೆ. ತಿಂಗಳ ಬಾಡಿಗೆಗಿಂತ ದಿನದ್ದರಲ್ಲಿ ಹೆಚ್ಚು ಸಿಗುತ್ತದೆ, ಬಾಡಿಗೆದಾರ ಬಿಡಲ್ಲ ಎಂಬ ತಲೆನೋವಿಲ್ಲ, ರಜೆಗೆ ಬಂದಾಗ ತಾವೂ ಉಳಿಯಬಹುದು. ಬೀಗದ ಕೈ ಬ್ರೋಕರ್ ಹತ್ತಿರ, ಮಾಲೀಕ ದಮಾಮಿನಲ್ಲಿ. ಅವನ ಉಪ್ಪ-ಉಮ್ಮ ಊರಲ್ಲಿ ಒಳ್ಳೆ ನೆರೆ ಹುಡುಕುತ್ತಿದ್ದಾರೆ, ಅವನ ಫ್ಲ್ಯಾಟಿನ ಪಕ್ಕದಲ್ಲಿ ಇನ್ಯಾರದೋ ಉಪ್ಪ-ಉಮ್ಮ ದಿನಾ ಹೊಸ ಮುಖ ನೋಡುತ್ತಿದ್ದಾರೆ.

ಇನ್ನೊಂದು ವಿಚಿತ್ರವೂ ಉಂಟು. ನಮ್ಮ ಹೆಸರು ಹೇಳಿದ ಮೇಲೆ ‘ಮನಿ ಆಗಲೇ ಕೊಟ್ಟೀವ್ರಿ’ ಎನ್ನುವ ಅನುಭವ ಬಾಡಿಗೆ ಹುಡುಕಿದ ಹೆಚ್ಚಿನವರಿಗೆ ಆಗಿದೆ. ವರ್ಷಕ್ಕೆ ಕೊಡದ ಅಂಥ ಮನೆ ಆ್ಯಪಿನಲ್ಲಿ ದಿನಕ್ಕೆ ಯಾರಿಗಾದರೂ ತೆರೆಯುತ್ತದೆ. ಆಧಾರ್ ಫೋಟೊ, ಯುಪಿಐ ಹಣ ಬಂದರೆ ಮುಗಿಯಿತು. ದಿನದ ಲೆಕ್ಕಕ್ಕೆ ಹೋದ ಪ್ರತಿ ಮನೆಯೂ ವರ್ಷದ ಲೆಕ್ಕದಿಂದ ಕಡಿಮೆಯಾದ ಮನೆಯೇ. ಮೊದಲೇ ಕಡಿಮೆ ಮನೆ ಸಿಗುವ ನಮಗೆ ಆಯ್ಕೆ ಇನ್ನೂ ಕಿರಿದಾಗುತ್ತದೆ.

ಹಾಗಂತ ಎಲ್ಲರನ್ನೂ ಒಂದೇ ತಕ್ಕಡಿಯಲ್ಲಿ ಹಾಕಲು ನನಗೆ ಮನಸ್ಸಿಲ್ಲ. ಆಸ್ಪತ್ರೆಯ ಹತ್ತಿರದ ಬಡಾವಣೆಯೊಂದರಲ್ಲಿ ಒಬ್ಬರು ವಿಧವೆ ತಮ್ಮ ಮನೆಯ ಮೇಲಿನ ಎರಡು ಕೋಣೆಗಳನ್ನು ರೋಗಿಗಳ ಕಡೆಯವರಿಗೆ ವಾರದ ಲೆಕ್ಕಕ್ಕೆ ಕೊಡುತ್ತಾರೆ. ಗಂಡ ಖಾಸಗಿ ಕಾರ್ಖಾನೆಯಲ್ಲಿದ್ದವರು. ಇಪಿಎಸ್ ಪಿಂಚಣಿಯ ಕನಿಷ್ಠ ಮೊತ್ತ ತಿಂಗಳಿಗೆ 1,000 ರೂಪಾಯಿ ಎಂದರೆ ಸರಕಾರಿ ನೌಕರರಿಗೆ ನಗು ಬರಬಹುದು, ಅದರಲ್ಲೇ ಬದುಕುವವರಿಗೆ ಬರುವುದಿಲ್ಲ. ಈ ತಾಯಿ ಕೆಳಗೇ ಇರುತ್ತಾರೆ. ಬಂದವರ ಹೆಸರು, ವಾರ್ಡ್ ನಂಬರ್, ಊರು ಎಲ್ಲ ಒಂದು ಉದ್ದನೆಯ ಪುಸ್ತಕದಲ್ಲಿ ಬರೆದಿಡುತ್ತಾರೆ. ‘ಅಳಕೋತ ಬಂದವ್ರಿಗೆ ಒಂದು ವಾಟಗಾ ಚಾ ಕೊಡದ ಹ್ಯಾಂಗ ಇರೂದ್ರಿ?’ ಎನ್ನುತ್ತಾರೆ. ಅವರ ಪಕ್ಕದ ಮನೆಯವರು ಇದುವರೆಗೆ ಒಂದು ದೂರೂ ಹೇಳಿಲ್ಲ. ಮುಸಾಫಿರನಿಗೆ ನೆರಳು ಕೊಡುವುದಕ್ಕೂ, ಬೀಗದ ಪೆಟ್ಟಿಗೆಗೆ ನಂಬರ್ ಕಳಿಸುವುದಕ್ಕೂ ವ್ಯತ್ಯಾಸ ಏನೆಂದು ಆ ಮನೆಯಲ್ಲಿ ಗೊತ್ತಾಗುತ್ತದೆ.

ಬೇರೆ ದೇಶಗಳ ನಗರಗಳೂ ಗೆರೆ ಎಳೆದದ್ದು ಸುಮಾರು ಇದೇ ಜಾಗದಲ್ಲಿ. ನ್ಯೂಯಾರ್ಕಿನಲ್ಲಿ 2023ರ ಸೆಪ್ಟೆಂಬರಿನಿಂದ, 30 ದಿನಕ್ಕಿಂತ ಕಡಿಮೆ ಅವಧಿಗೆ ಕೊಡುವುದಾದರೆ ಮನೆಯವರು ಅಲ್ಲೇ ಇರಬೇಕು, ಇಬ್ಬರಿಗಿಂತ ಹೆಚ್ಚು ಅತಿಥಿಗಳು ಇರಬಾರದು, ನಗರಾಡಳಿತದಲ್ಲಿ ನೋಂದಣಿ ಆಗಿರಬೇಕು. ಬಾರ್ಸಿಲೋನಾ ಇನ್ನೂ ಮುಂದೆ ಹೋಗಿ 10,101 ಪ್ರವಾಸಿ ಫ್ಲ್ಯಾಟುಗಳ ಪರವಾನಗಿಯನ್ನು 2028ರ ನವೆಂಬರಿನ ಹೊತ್ತಿಗೆ ಕೊನೆಗೊಳಿಸುವುದಾಗಿ 2024ರಲ್ಲಿ ಘೋಷಿಸಿತು. ನಮ್ಮಲ್ಲಿ ಜಿಎಸ್‌ಟಿ ಲೆಕ್ಕದಲ್ಲಿ ಮಾತ್ರ ಅಂಥದೊಂದು ಗೆರೆ ಕಾಣುತ್ತದೆ. ಒಬ್ಬರಿಗೆ ತಿಂಗಳಿಗೆ 20,000 ರೂಪಾಯಿ ಒಳಗಿನ ಪಿಜಿ, ಹಾಸ್ಟೆಲಿಗೆ ತೆರಿಗೆ ವಿನಾಯಿತಿ ಕೊಟ್ಟದ್ದು ಕನಿಷ್ಠ 90 ದಿನ ಸತತ ಉಳಿಯುವವರಿಗೆ. ಮೂರು ತಿಂಗಳು ಇದ್ದವನು ವಾಸ ಇದ್ದವನು ಎಂದಾಯಿತು. ತೆರಿಗೆಯವರಿಗೆ ಹೊಳೆದದ್ದು ಪಾಲಿಕೆಗೂ ಹೊಳೆದರೆ ಒಳ್ಳೆಯದಿತ್ತು.

ಅಲ್ಲಿಯವರೆಗೆ ಮನೆ ನೋಡುವವರೇ ಕಣ್ಣು ತೆರೆದಿಡಬೇಕು. ಬೆಳಗ್ಗೆ ಹನ್ನೊಂದಕ್ಕೆ ಬ್ರೋಕರ್ ಕರೆದುಕೊಂಡು ಹೋದಾಗ ಎಲ್ಲ ಕಟ್ಟಡವೂ ಮಸೀದಿಯ ಹಾಗೆ ಶಾಂತವಾಗಿರುತ್ತದೆ. ಶನಿವಾರ ರಾತ್ರಿ ಹತ್ತಕ್ಕೆ, ಸಾಧ್ಯವಾದರೆ ದೊಡ್ಡ ಪರೀಕ್ಷೆಯ ಹಿಂದಿನ ರಾತ್ರಿ, ಬ್ರೋಕರ್ ಇಲ್ಲದೆ ಹೋಗಿ ಗೇಟಿನ ಹತ್ತಿರ ಅರ್ಧ ಗಂಟೆ ನಿಲ್ಲಿ. ಹಾಲು ಹಾಕುವ ಹುಡುಗನಿಗೆ ಯಾವ ಮನೆಯಲ್ಲಿ ಸಂಸಾರ ಇದೆ, ಯಾವುದರಲ್ಲಿ ಇಲ್ಲ ಎಂದು ಬ್ರೋಕರ್‌ಗಿಂತ ಚೆನ್ನಾಗಿ ಗೊತ್ತು. ಮೊಬೈಲ್ ಬಳಸಲು ಬರುವ ಮೊಮ್ಮಕ್ಕಳಿದ್ದರೆ ನೀವೇ ಅತಿಥಿಯ ಹಾಗೆ ಆ ಬಡಾವಣೆಯಲ್ಲಿ ಒಂದು ರಾತ್ರಿಗೆ ಮನೆ ಹುಡುಕಿಸಿ. ನಕ್ಷೆಯಲ್ಲಿ ಕೆಲವೊಮ್ಮೆ ಸರಿಯಾದ ಜಾಗ ತೋರಿಸುವುದಿಲ್ಲ, ಆದರೆ ಫೋಟೊದಲ್ಲಿ ಬಾಲ್ಕನಿಯ ಗ್ರಿಲ್ಲು, ಎದುರಿನ ನೀಲಿ ಗೋಡೆ ಸಿಕ್ಕಿಬೀಳುತ್ತದೆ.

ಅಪಾರ್ಟ್‌ಮೆಂಟ್ ಆದರೆ ಕಾಗದದಲ್ಲಿ ಇನ್ನೊಂದು ನೋಡುವುದಿದೆ. 1972ರ ಕರ್ನಾಟಕ ಅಪಾರ್ಟ್‌ಮೆಂಟ್ ಮಾಲೀಕತ್ವ ಕಾಯ್ದೆ ಪ್ರಕಾರ ನೋಂದಣಿಯಾದ ಕಟ್ಟಡಕ್ಕೆ ಒಂದು ಘೋಷಣಾ ಪತ್ರ, ಅದರ ಜೊತೆ ಬೈಲಾ ಇರುತ್ತದೆ. ಫ್ಲ್ಯಾಟುಗಳನ್ನು ಯಾವುದಕ್ಕೆ ಬಳಸಬಹುದು ಎಂದು ಅದರಲ್ಲಿ ಬರೆದಿರುತ್ತಾರೆ, ಮಾಲೀಕರೆಲ್ಲ ಅದಕ್ಕೆ ಬದ್ಧರು. ಮನೆ ಕೊಳ್ಳುವ ನಮ್ಮವರು ಖಾತೆ, ಇ.ಸಿ. ತೆಗೆಸುತ್ತಾರೆ, ಬೈಲಾ ಕೇಳುವುದಿಲ್ಲ. ಕೇಳಿ. ಅದರಲ್ಲಿ ದಿನಬಾಡಿಗೆಯ ಮಾತೇ ಇಲ್ಲದಿದ್ದರೆ ಸಂಘದ ಸಭೆಯಲ್ಲಿ ಸೇರಿಸಲು ಒಪ್ಪುತ್ತಾರಾ ಎಂದು ಅಧ್ಯಕ್ಷರನ್ನು ಕೇಳಿ. ಅವರ ಉತ್ತರದಲ್ಲೇ ಕಟ್ಟಡ ಹೇಗಿದೆ ಎಂದು ಅರ್ಧ ಗೊತ್ತಾಗುತ್ತದೆ. ಸಂಘವೇ ಇಲ್ಲ ಎಂದರೆ, ಯೋಚಿಸಿ. ಸಣ್ಣ ಕಟ್ಟಡಗಳಲ್ಲಿ ಹೆಚ್ಚಾಗಿ ಇರುವುದಿಲ್ಲ.

ಒಂದು ಎಚ್ಚರಿಕೆ ಮಾತ್ರ ಬೇಕು. ದೂರು ಹೇಳುವುದಿದ್ದರೆ ನೀರಿನ ಬಗ್ಗೆ, ಸದ್ದಿನ ಬಗ್ಗೆ, ಗೇಟಿನ ಬಗ್ಗೆ ಹೇಳಬೇಕು. ಬಂದವರು ಯಾರ ಜೊತೆ ಬಂದಿದ್ದಾರೆ, ಯಾವ ಜಾತಿ, ಯಾವ ಧರ್ಮ ಎಂದು ಬಾಗಿಲು ತಟ್ಟುವುದಕ್ಕೆ ಹೋಗಬಾರದು. 2012ರಲ್ಲಿ ಮಂಗಳೂರಿನ ಪಡೀಲಿನ ಹೋಂಸ್ಟೇಯಲ್ಲಿ ಹುಟ್ಟುಹಬ್ಬಕ್ಕೆ ಸೇರಿದ್ದ ಮಕ್ಕಳ ಮೇಲೆ ಗುಂಪೊಂದು ನುಗ್ಗಿ ಹೊಡೆದದ್ದನ್ನು ನಮ್ಮ ಜಿಲ್ಲೆಯವರು ಮರೆಯುವ ಹಾಗಿಲ್ಲ. ಆ ದಾರಿಗೆ ‘ನೆರೆಯವರ ಕಾಳಜಿ’ ಎಂಬ ಹೆಸರಿಡಲು ಯಾರಿಗೂ ಅವಕಾಶ ಕೊಡಬಾರದು.

ನನಗೆ ಗೊತ್ತಿರುವ ಒಂದು ದಂಪತಿಯ ವಿಷಯ ಹೇಳುತ್ತೇನೆ. ಅವರು ರೈಲ್ವೆಯಲ್ಲಿದ್ದವರು, ಮೂಲ ಬಂಟ್ವಾಳ ತಾಲೂಕು, ಹುಬ್ಬಳ್ಳಿಯ ಕ್ವಾರ್ಟರ್ಸಿನಲ್ಲಿ ಜೀವನ ಕಳೆದವರು. ನಿವೃತ್ತಿಯಾದರೆ ಕೆಲವೇ ತಿಂಗಳಲ್ಲಿ ಕ್ವಾರ್ಟರ್ಸ್ ಬಿಡಬೇಕು. ಧಾರವಾಡದಲ್ಲಿ ಒಂದು ಫ್ಲ್ಯಾಟ್ ನೋಡಿದರು. ಎರಡು ಬೆಡ್‌ರೂಮ್, ಲಿಫ್ಟ್, ಚಿಗರಿ ಬಸ್ ನಿಲ್ದಾಣ ಕಾಲ್ನಡಿಗೆಯಲ್ಲಿ. ಬೆಲೆಯೂ ಕೈಗೆಟಕುವಂತಿತ್ತು. ರಾತ್ರಿ ಒಮ್ಮೆ ಹೋಗಿ ನೋಡಿ ಎಂದೆ. ಹೋಗಿ ಬಂದರು. ‘ಉಸ್ತಾದ್, ನಮ್ಮ ಮಹಡಿಯಲ್ಲಿ ನಾಲ್ಕು ಬಾಗಿಲು ಉಂಟು. ಎರಡಕ್ಕೆ ನಂಬರಿನ ಪೆಟ್ಟಿಗೆ. ಒಂದು ಖಾಲಿ. ಉಳಿದದ್ದು ನಮ್ಮದು’ ಎಂದರು. ವಾಚ್‌ಮನ್ ಹತ್ತಿರ ಕೇಳಿದರೆ ಅವನೂ ‘ಮಗ್ಗಲ ಮನ್ಯಾಗ ಇವತ್ತ ಯಾರದಾರ ನಂಗೂ ಗೊತ್ತಿಲ್ರಿ’ ಅಂದನಂತೆ. ಬೆಲೆ ಯಾಕೆ ಕಡಿಮೆ ಎಂದು ಆಗ ಅರ್ಥವಾಯಿತು.

ಅದನ್ನು ಬಿಟ್ಟರು. ಈಗ ಹುಬ್ಬಳ್ಳಿಯಲ್ಲೇ ಒಂದು ಹಳೆ ಓಣಿಯಲ್ಲಿ ನೆಲಮಹಡಿಯ ಮನೆಗೆ ಮುಂಗಡ ಕೊಟ್ಟಿದ್ದಾರೆ. ಲಿಫ್ಟ್ ಬೇಕಾಗಿಲ್ಲ, ಆದರೆ ಬಚ್ಚಲು ಇಕ್ಕಟ್ಟು, ಸಂಪ್ ಸಣ್ಣದು, ಮಳೆ ಜೋರಾದರೆ ಓಣಿಯ ಬಾಯಲ್ಲಿ ನೀರು ನಿಲ್ಲುತ್ತದೆ. ಮನೆ ನೋಡಲು ಹೋದ ದಿನ ಅವರ ಬೀವಿ ಒಳಗೆ ಹೋಗುವ ಮೊದಲೇ ಎದುರು ಮನೆಯ ಕಟ್ಟೆಯಲ್ಲಿ ಕೂತಿದ್ದ ಅಜ್ಜಿಯ ಹತ್ತಿರ ಹೋಗಿ, ಇಲ್ಲಿ ಎಷ್ಟು ವರ್ಷದಿಂದ ಇದ್ದೀರಿ ಎಂದು ಕೇಳಿದರಂತೆ. ‘ಲಗ್ನಾ ಆಗಿ ಬಂದಾಗಿಂದ ಇಲ್ಲೇ ಅದೀನವ್ವಾ’ ಎಂದಿದ್ದಾರೆ ಅಜ್ಜಿ. ಅಷ್ಟಕ್ಕೇ ಬೀವಿಯವರ ನಿರ್ಧಾರ ಆಗಿಹೋಯಿತು. ಅಜ್ಜಿಗೆ ಒಬ್ಬನೇ ಮಗ, ಪುಣೆಯಲ್ಲಿ ಕೆಲಸ. ಮುಂದೆ ಆ ಮನೆಯನ್ನು ಅವನು ಏನು ಮಾಡುತ್ತಾನೆ ಎಂದು ಮಾತ್ರ ಇವರು ಇನ್ನೂ ಕೇಳಿಲ್ಲ.